ಟರ್ನರ್ ಸಾಹೇಬರ ಮೂಲಪುರುಷ

ಋಷಿಮೂಲ, ನದಿಮೂಲ ಕೆದಕಬಾರದು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ ಮಾರಾಯ್ರೆ. ಕೆದಕಿದರೆ ಎಂಥದ್ದು ಏಳುತ್ತದೆ ಅಂತ ಅವರಿಗೆ ಗೊತ್ತಿತ್ತು. ಆದರೆ ಅದನ್ನು ಅಮೆರಿಕದ ಡ್ವೇನ್ ಟರ್ನರ್ ಸಾಹೇಬರಿಗೆ ಹೇಳುವವರು ಯಾರು? ಕುವೈತಿನ ಶುಐಬಾದ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಅವರು ಪ್ರಾಜೆಕ್ಟ್ ಮ್ಯಾನೇಜರು. ಪೈಪು, ವಾಲ್ವು, ಬೆಸುಗೆ ಎಲ್ಲ ಹೊಟ್ಟೆಪಾಡಿಗೆ. ಅವರ ನಿಜವಾದ ಉದ್ಯೋಗ ತನ್ನ ಅಜ್ಜನ ಅಜ್ಜನ ಅಜ್ಜನನ್ನು ಹುಡುಕುವುದು.

ಅಮೆರಿಕಕ್ಕೆ ಮೊದಮೊದಲು ಹೋದ ಹಡಗುಗಳಲ್ಲಿ ಒಂದಕ್ಕೆ ವಿಲಿಯಂ ಟರ್ನರ್ ಅಂತ ಒಬ್ಬ ಕ್ಯಾಪ್ಟನ್ ಇದ್ದನಂತೆ. ಆ ಹಡಗಿನವರ ವಂಶದವರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದಾರಂತೆ. ವರ್ಷಕ್ಕೊಂದು ಊಟ, ಊಟಕ್ಕೆ ಬಂದವರ ಕೊರಳಿಗೆ ನೀಲಿ ರಿಬ್ಬನ್ನು, ರಿಬ್ಬನ್ನಿನ ತುದಿಗೆ ಪದಕ. ಸಾಹೇಬರಿಗೆ ಆ ಪದಕ ಬೇಕು. ಅವರ ಮನೆಯ ಹಳೆಯ ಬೈಬಲಿನಲ್ಲಿ ಥಾಮಸ್ ಟರ್ನರ್ ಅಂತ ಒಬ್ಬನ ಹೆಸರು ಉಂಟು. ಕ್ಯಾಪ್ಟನ್ನನಿಗೂ ಥಾಮಸ್ ಅಂತ ಒಬ್ಬ ಮಗ ಇದ್ದ. ಇನ್ನೇನು ಬೇಕು? ಆದರೆ ಸಂಘದವರು ಬಿಡಲಿಲ್ಲ. ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಆರು ಟರ್ನರ್ ಮನೆಗಳಿದ್ದವು, ಆರರಲ್ಲೂ ವಿಲಿಯಂ, ಥಾಮಸ್, ಜಾನ್ ಇದ್ದರು, ನಿಮ್ಮ ಥಾಮಸ್ ಯಾವ ಮನೆಯವನು ಅಂತ ತೋರಿಸಿ ಅಂತ ಅರ್ಜಿಯನ್ನು ವಾಪಸು ಕಳಿಸಿದರು. ಅಮೆರಿಕದಲ್ಲೇ ಇಬ್ಬರು ತಜ್ಞರನ್ನು ಹಿಡಿದು ನೋಡಿದರು ಸಾಹೇಬರು. ಇಬ್ಬರೂ ಕೈ ಚೆಲ್ಲಿದರು.

ಆ ಹೊತ್ತಿಗೆ ಆಫೀಸಿನಲ್ಲಿ ಡಿಸೋಜರ ಗಲಾಟೆ ಆಯಿತು.

ಆ ಕಂಪೆನಿಯಲ್ಲಿ ಡಿಸೋಜರು ಐದು ಜನ. ಸ್ಟೋರಿನ ರೋಕ್ ಡಿಸೋಜನ ಹೆಂಡತಿ ಹೆಣ್ಣು ಮಗು ಹೆತ್ತಳು. ಎಚ್‌ಆರ್‌ನವರು ಕಂಪೆನಿಗಿಡೀ ಕಳಿಸಿದ ಅಭಿನಂದನೆಯ ಇ-ಮೇಲಿನಲ್ಲಿ ಪಾಯಸ್ ಡಿಸೋಜನ ಫೋಟೊ ಹಾಕಿದರು. ಪಾಯಸ್ ಮದುವೆಯಾಗದವನು. ಬೆಳ್ಮಣ್ಣಿನಲ್ಲಿ ಹುಡುಗಿ ಗೊತ್ತಾಗಿ ದಿನ ಕೂಡ ನಿಗದಿಯಾಗಿತ್ತು. ಆ ಇ-ಮೇಲು ಊರಿನವರೆಲ್ಲ ಇರುವ ಅಬ್ಬಾಸಿಯಾದ ವಾಟ್ಸಾಪ್ ಗುಂಪುಗಳಿಗೆ ಹಾರಿ, ಅಲ್ಲಿಂದ ಬೆಳ್ಮಣ್ಣಿಗೆ ಹಾರಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಹುಡುಗಿಯ ಸೋದರಮಾವ ಫೋನು ಮಾಡಿ ಉಗಿಯಲಿಕ್ಕೆ ಶುರುಮಾಡಿದ್ದ. ಪಾಯಸ್ ಅಳುವುದೊಂದು ಬಾಕಿ.

ಆಗ ಆ ಫೋನನ್ನು ಕಿತ್ತುಕೊಂಡವರು ಗರ್ಟ್ರೂಡ್ ಬಾಯಿ. ಅವರು ಡಾಕ್ಯುಮೆಂಟ್ ಕಂಟ್ರೋಲರು. ಅಂದರೆ ಕಂಪೆನಿಗೆ ಬರುವ, ಹೋಗುವ ಪ್ರತಿಯೊಂದು ಕಾಗದಕ್ಕೂ ನಂಬರು ಹಾಕಿ ರಿಜಿಸ್ಟರಿಗೆ ಏರಿಸುವವರು. ಇಪ್ಪತ್ತೇಳು ವರ್ಷದಿಂದ ಅದೇ ಕುರ್ಚಿ. ಹುಟ್ಟಿದ್ದೂ ಡಿಸೋಜರ ಮನೆಯಲ್ಲಿ, ಸೇರಿದ್ದೂ ಡಿಸೋಜರ ಮನೆಗೆ, ಎರಡೂ ಮನೆಗಳ ನಡುವೆ ಒಂದು ತೊಟ್ಟು ರಕ್ತಸಂಬಂಧ ಇಲ್ಲ. ಗಂಡ ತೀರಿಕೊಂಡು ಆರು ವರ್ಷ. ತನ್ನ ತವರಿನವರು ಮತಾಂತರಕ್ಕೆ ಮುಂಚೆ ಬ್ರಾಹ್ಮಣ ಪ್ರಭುಗಳಾಗಿದ್ದರು ಅನ್ನುವುದನ್ನು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಅವರು ಹುಡುಗಿಯ ಮಾವನಿಗೆ ಎರಡೇ ನಿಮಿಷದಲ್ಲಿ ಐದು ಡಿಸೋಜರನ್ನೂ ಬಿಡಿಸಿ ಇಟ್ಟರು. ರೋಕ್ ಶಿರ್ವದವನು, ಪಾಯಸ್ ಕಿನ್ನಿಗೋಳಿಯವನು, ರೋಕ್‌ನ ತಂದೆಯ ಜ್ಞಾನಸ್ನಾನಕ್ಕೆ ನಿಂತವರು ಯಾರು, ಪಾಯಸ್‌ನ ಅಜ್ಜಿಯ ಮದುವೆಗೆ ಸಾಕ್ಷಿ ಹಾಕಿದವರು ಯಾರು, ಎಲ್ಲ ಬಾಯಿಪಾಠ. ಮಾವ ತಣ್ಣಗಾದ.

ಸಾಹೇಬರು ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ಗರ್ಟ್ರೂಡ್, ಒಂದೇ ಹೆಸರಿನ ಅಷ್ಟು ಜನರನ್ನು ನೀವು ಹೇಗೆ ಬೇರೆ ಮಾಡಿದಿರಿ?"

"ಅದರಲ್ಲಿ ಎಂಥದ್ದುಂಟು ಸರ್?" ಅಂದರು ಬಾಯಿ. "ನಮಗೆಲ್ಲ ಈ ಹೆಸರು ಕೊಟ್ಟದ್ದು ಪೋರ್ಚುಗೀಸ್ ಪಾದ್ರಿಗಳು. ಒಂದೇ ಬೆಳಿಗ್ಗೆ ನೀರು ಹಾಕಿಸಿಕೊಂಡ ಹತ್ತು ಮನೆಯವರಿಗೆ ಒಂದೇ ಹೆಸರು. ಹಾಗಾಗಿ ನಾವು ಹೆಸರನ್ನು ನೋಡುವುದೇ ಇಲ್ಲ. ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ನೋಡ್ತೇವೆ. ಮಗುವನ್ನು ಎತ್ತಿ ಹಿಡಿದವರು ಯಾರು, ಮದುವೆಗೆ ಸಾಕ್ಷಿ ಯಾರು, ಸತ್ತಾಗ ಹೆಗಲು ಕೊಟ್ಟವರು ಯಾರು. ಹೆಸರು ಸುಳ್ಳು ಹೇಳಬಹುದು, ಪಕ್ಕದವರು ಹೇಳುವುದಿಲ್ಲ."

ಮರುದಿನವೇ ಟರ್ನರ್ ವಂಶದ ಮೂರು ಪೆಟ್ಟಿಗೆ ಕಾಗದ, ಒಂದು ಪೆನ್‌ಡ್ರೈವ್ ಬಾಯಿಯ ಮೇಜಿಗೆ ಬಂದು ಬಿತ್ತು. ಆಫೀಸಿನ ಕೆಲಸ ಆದ ಮೇಲೆ ನೋಡಿ, ಅವಸರ ಇಲ್ಲ ಅಂದರು ಸಾಹೇಬರು. ಅವಸರ ಇಲ್ಲ ಅಂದವರು ದಿನಕ್ಕೆ ಮೂರು ಸಲ ಬಂದು ಇಣುಕುತ್ತಿದ್ದರು.

ಬಾಯಿ ಒಪ್ಪಿಕೊಂಡದ್ದು ಸಾಹೇಬರ ಪ್ರೀತಿಗೆ ಅಲ್ಲ. ಅವರ ತಲೆಯಲ್ಲಿ ಇದ್ದದ್ದು ಮುಝಮ್ಮಿಲ್.

ಮುಝಮ್ಮಿಲ್ ಕಂಪೆನಿಯ ವ್ಯಾನ್ ಡ್ರೈವರು, ದೇರಳಕಟ್ಟೆ ಕಡೆಯ ಬ್ಯಾರಿ ಹುಡುಗ. ಹುಡುಗ ಅಂದರೆ ಮೂವತ್ತೆಂಟು. ಹನ್ನೊಂದು ವರ್ಷ ಬಾಯಿಯನ್ನು ಬೆಳಿಗ್ಗೆ ಅಬ್ಬಾಸಿಯಾದಿಂದ ಶುಐಬಾಕ್ಕೆ ತಂದು, ಸಂಜೆ ವಾಪಸು ಬಿಟ್ಟವನು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಊರಿನಲ್ಲಿ ಅವನ ಹೆಂಡತಿ ಆಯಿಶತ್ ನಿಶಾ ಬಸುರಿ. ಎಂಟು ತಿಂಗಳು ತುಂಬುತ್ತಾ ಬಂತು. ರಜೆ ಕೇಳಿದ, ಪ್ರಾಜೆಕ್ಟ್ ಮುಗಿಯುವವರೆಗೆ ಇಲ್ಲ ಅಂದರು. ಸಬ್ಹಾನಿನ ಒಂದು ಬಿಸ್ಕತ್ತಿನ ಗೋದಾಮಿನವರು, ನಮ್ಮಲ್ಲಿಗೆ ಬಾ, ಸೇರಿಸಿಕೊಂಡು ಎರಡು ತಿಂಗಳು ರಜೆ ಕೊಡ್ತೇವೆ ಅಂದರು. ಅದಕ್ಕೆ ಇಲ್ಲಿಂದ ರಿಲೀಸ್, ಅಂದರೆ ಬಿಡುಗಡೆಯ ಚೀಟಿ ಬೇಕು. ಅವನ ಕೊನೆಯ ಕರಾರಿನ ಮೂರು ವರ್ಷ ಫೆಬ್ರವರಿಗೇ ಮುಗಿದಿತ್ತು. ಮೂರು ಸಲ ಬರೆದು ಕೊಟ್ಟ. ಮೂರಕ್ಕೂ ನಂಬರು ಹಾಕಿ ರಿಜಿಸ್ಟರಿಗೆ ಏರಿಸಿದವರು ಬಾಯಿಯೇ. ಸಾಹೇಬರು ಮೂರರ ಮೇಲೂ "ನೋಡೋಣ" ಅಂತ ಗೀಚಿದರು. ನೋಡಲಿಲ್ಲ. ಕೊನೆಗೆ ಒಂದು ದಿನ ಮುಝಮ್ಮಿಲ್ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ. ಅಬ್ಬಾಸಿಯಾದಲ್ಲಿ ಗೆಳೆಯರ ರೂಮಿನಲ್ಲಿ ಕೂತುಕೊಂಡ.

ಕೆಲಸಕ್ಕೆ ಬಾರದವನ ಮೇಲೆ ಕಂಪೆನಿ ಪರಾರಿ ಕೇಸು ಹಾಕಬಹುದು. ಹಾಕಿದರೆ ಖಲಾಸ್! ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ರದ್ದು, ಸಿಕ್ಕಿದಲ್ಲಿ ಹಿಡಿದು ಒಳಗೆ ಹಾಕುತ್ತಾರೆ, ಬೆರಳಚ್ಚು ತೆಗೆದು ವಿಮಾನ ಹತ್ತಿಸುತ್ತಾರೆ, ಮತ್ತೆ ಈ ನೆಲಕ್ಕೆ ಕಾಲಿಡುವ ಹಾಗಿಲ್ಲ. ಅವನ ಒಬ್ಬನ ದುಡಿಮೆಯ ಮೇಲೆ ಊರಿನಲ್ಲಿ ಮನೆ ನಿಂತಿದೆ. ಸಾಹೇಬರ ಅಜ್ಜ ಸಿಕ್ಕಿದರೆ, ಆ ಖುಷಿಯಲ್ಲಿ ರಿಲೀಸ್ ಕಾಗದಕ್ಕೆ ಒಂದು ಸಹಿ ಕೇಳುವುದು ಅಂತ ಬಾಯಿಯ ಲೆಕ್ಕಾಚಾರ. ಮುಝಮ್ಮಿಲ್‌ಗೂ ಹೇಳಿದ್ದರು.

"ಎರಡು ವಾರ ತಡಕೊ ಮಾರಾಯ. ಇವರ ಅಜ್ಜನನ್ನು ಹುಡುಕಿ ಕೊಡ್ತೇನೆ."

"ಅವರ ಅಜ್ಜ ಎಲ್ಲಿ ಹೋಗಿದ್ದಾರೆ ಬಾಯಮ್ಮ?" ಅಂತ ಕೇಳಿದ್ದ ಪಾಪ.

ಬಾಯಿ ಕನ್ನಡಕ ಏರಿಸಿ ಕೂತರು. ಆರು ಮನೆಗಳಿಗೆ ಆರು ಬಣ್ಣದ ಫೈಲು. ಕೌಂಟಿ ಕೋರ್ಟಿನ ಪುಸ್ತಕ, ಇಗರ್ಜಿಯ ಪುಸ್ತಕ, ಉಯಿಲು, ಜಮೀನಿನ ಕಾಗದ, ಒಂದೊಂದನ್ನೂ ನೋಡಿದರು. ಟರ್ನರ್ ಅನ್ನುವ ಹೆಸರನ್ನು ಬಿಟ್ಟು ಉಳಿದ ಹೆಸರುಗಳನ್ನಷ್ಟೇ ಓದುತ್ತಾ ಹೋದರು. ಒಂಬತ್ತನೇ ದಿನ ಗಂಟು ಬಿಚ್ಚಿಕೊಂಡಿತು. ಸಾಹೇಬರ ಥಾಮಸ್‌ನ ಮದುವೆಗೆ ಸಾಕ್ಷಿ ಹಾಕಿದವರು ಇಬ್ಬರು, ಒಬ್ಬ ಕಮ್ಮಾರ, ಇನ್ನೊಬ್ಬ ಹಡಗುಕಟ್ಟೆಯ ಹಮಾಲಿ. ಕ್ಯಾಪ್ಟನ್ನನ ಕಡೆಯವರು ಒಂದು ನರಪಿಳ್ಳೆಯೂ ಇಲ್ಲ. ಮಗನ ಮದುವೆಗೆ ಅಪ್ಪನ ಕಡೆಯವರು ಒಬ್ಬರೂ ಬರುವುದಿಲ್ಲ ಅಂದರೆ ಏನರ್ಥ? ಎಷ್ಟೇ ಜಗಳ ಇರಲಿ, ಊಟಕ್ಕಾದರೂ ಬಂದು ಊಟವನ್ನು ದೂರಿ ಹೋಗುತ್ತಾರೆ. ಬಂದಿಲ್ಲ ಅಂದರೆ ಇವನು ಅವರ ಮಗನೇ ಅಲ್ಲ! ಹಾಗಂದುಕೊಂಡು ಇಗರ್ಜಿಯ ಪುಸ್ತಕವನ್ನು ಮತ್ತೆ ತಿರುವಿದರೆ, ಕ್ಯಾಪ್ಟನ್ನನ ಮಗ ಥಾಮಸ್ ಒಂಬತ್ತನೇ ವಯಸ್ಸಿಗೇ ತೀರಿಕೊಂಡಿದ್ದ. ಅಮೆರಿಕದ ಆ ಇಬ್ಬರು ತಜ್ಞರಿಗೆ ಇದು ಕಂಡಿರಲಿಲ್ಲ. ಕಾಣುವುದು ಹೇಗೆ, ಅವರು ಹುಡುಕಿದ್ದು ಪದಕ ಕೊಡಿಸುವ ಟರ್ನರನನ್ನು.

ಹಾಗಾದರೆ ಇವನು ಯಾರು? ಕಮ್ಮಾರನ ಹೆಸರಿನ ಜಾಡು ಹಿಡಿದು ಹೋದರು. ಕೋರ್ಟಿನ ಪುಸ್ತಕದಲ್ಲಿ ಅದೇ ಕಮ್ಮಾರನ ಹೆಸರಿನ ಪಕ್ಕ ಇವನೂ ಸಿಕ್ಕಿದ.

ಥಾಮಸ್ ಟರ್ನರ್, ಹಡಗಿನ ಖರ್ಚು ಕೊಟ್ಟ ಧಣಿಗೆ ಐದು ವರ್ಷ ದುಡಿಯುತ್ತೇನೆ ಅಂತ ಬರೆದುಕೊಟ್ಟು ಬಂದ ಆಳು. ಧಣಿಯ ಚೀಟಿ ಇಲ್ಲದೆ ಊರು ಬಿಟ್ಟು ಹೋಗುವ ಹಾಗಿಲ್ಲ. ಬೇರೆಯವರ ಹತ್ತಿರ ಕೆಲಸಕ್ಕೆ ನಿಲ್ಲುವ ಹಾಗಿಲ್ಲ. ಐದು ವರ್ಷ ತುಂಬಿದ ಮೇಲೆ ಬಿಡುಗಡೆಯ ಚೀಟಿ ಕೇಳಿದ, ಧಣಿ ಕೊಡಲಿಲ್ಲ. ಇವನು ಬಿಟ್ಟು ಹೋದ. ಧಣಿ ಕೋರ್ಟಿನಲ್ಲಿ ಬರೆಸಿದ್ದ: "ಪರಾರಿಯಾದ ಆಳು. ಕುಳ್ಳ. ಮುಖದ ಮೇಲೆ ಸಿಡುಬಿನ ಕಲೆ. ಎಡಗಾಲು ತುಸು ಎಳೆಯುತ್ತಾನೆ. ಹಿಡಿದುಕೊಟ್ಟವರಿಗೆ ಹೊಗೆಸೊಪ್ಪು ಕೊಡಲಾಗುವುದು."

"ಜೆಜು ಮರಿ ಜುಜೆ!" ಅಂದರು ಬಾಯಿ. "ಇವನು ನಮ್ಮ ಮುಝಮ್ಮಿಲೇ ಅಲ್ಲವಾ?"

ಸಾಹೇಬರಿಗೆ ಬೇಕಾದ ಕ್ಯಾಪ್ಟನ್ನನನ್ನೇ ಕೊಟ್ಟುಬಿಡಬಹುದಿತ್ತು. ಒಂಬತ್ತು ವರ್ಷದ ಮಗುವಿನ ಸಾವಿನ ಆ ಒಂದು ಪುಟ ಪೆಟ್ಟಿಗೆಯ ತಳಕ್ಕೆ ಹೋದರೆ ಸಾಕು. ಬಾಯಿ ಹಾಗೆ ಮಾಡಲಿಲ್ಲ. ಕಾಗದವನ್ನು ಅಡಗಿಸಿದ ಕೈ ಅಲ್ಲ ಅದು. ಅದಲ್ಲದೆ, ಇದನ್ನು ಓದಿದರೆ ಕಲ್ಲು ಕೂಡ ಕರಗೀತು ಅಂತ ಅವರಿಗೆ ಖಂಡಿತ ಅನ್ನಿಸಿತ್ತು. ತನ್ನ ಮೂಲಪುರುಷನೇ ಧಣಿಯ ಚೀಟಿಗಾಗಿ ಬಾಯಿಬಿಟ್ಟವನು ಅಂತ ಗೊತ್ತಾದ ಮೇಲೆ ಇನ್ನೊಬ್ಬನ ಚೀಟಿ ಹಿಡಿದಿಟ್ಟುಕೊಳ್ಳುವ ಮನುಷ್ಯ ಉಂಟಾ? ಅರವತ್ತರ ಹತ್ತಿರ ಬಂದ ಹೆಂಗಸು, ಇಪ್ಪತ್ತೇಳು ವರ್ಷ ಆಫೀಸು ಕಂಡವರು, ಹೀಗೆ ನಂಬಿದರಲ್ಲ!

ಸಾಹೇಬರು ಓದಿದರು. ಮುಖ ಸುಟ್ಟ ಬದನೆಕಾಯಿ ಆಯಿತು. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಮೂರನೇ ದಿನ ಅಮೆರಿಕದಿಂದ ಅವರ ಹೆಂಡತಿಯ ಫೋನು ಬಂತು. ಅಲ್ಲೀಗ ಕ್ಯಾಪ್ಟನ್ನರಿಗೆಲ್ಲ ಬೆಲೆ ಇಲ್ಲವಂತೆ, ಓಡಿಹೋದವರೇ ಫ್ಯಾಶನ್ನಂತೆ. ಕರಾರಿನ ಆಳುಗಳ ವಂಶದವರದ್ದು ಬೇರೆಯೇ ಒಂದು ಸಂಘ ಉಂಟಂತೆ, ಅಲ್ಲಿ ಹಸಿರು ರಿಬ್ಬನ್ನು ಕೊಡುತ್ತಾರಂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದರೆ ಇದೇ ನೋಡಿ! ಆವತ್ತು ಸಂಜೆಯೊಳಗೆ ಆ ಪರಾರಿ ಕಾಗದ ದೊಡ್ಡದಾಗಿ ಪ್ರಿಂಟಾಗಿ, ಚಿನ್ನದ ಬಣ್ಣದ ಫ್ರೇಮು ಹಾಕಿಸಿಕೊಂಡು, ಸಾಹೇಬರ ಕುರ್ಚಿಯ ಹಿಂದಿನ ಗೋಡೆ ಏರಿತು. ಬಂದವರಿಗೆಲ್ಲ ಅದರದ್ದೇ ಪುರಾಣ.

"ನೋಡಿ, ಯಾವ ಧಣಿಯಿಂದಲೂ ಇವನನ್ನು ಹಿಡಿದಿಡಲಿಕ್ಕೆ ಆಗಲಿಲ್ಲ. ಸ್ವಾತಂತ್ರ್ಯ ಅನ್ನುವುದು ಟರ್ನರರ ರಕ್ತದಲ್ಲೇ ಉಂಟು."

ಆಮೇಲೆ ಕೋರ್ಟು ಅವನನ್ನು ಹಿಡಿಸಿ ತಂದು ಇನ್ನೂ ಎರಡು ವರ್ಷ ದುಡಿಸಿತ್ತು. ಆ ಪುಟಕ್ಕೆ ಫ್ರೇಮು ಹಾಕಿಸಲಿಲ್ಲ.

ಗುರುವಾರ ಮಧ್ಯಾಹ್ನ ಬಾಯಿಯನ್ನು ಒಳಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ. ಒಂದು, ಹಸಿರು ರಿಬ್ಬನ್ನಿನ ಸಂಘಕ್ಕೆ ಹೋಗುವ ಅರ್ಜಿ. ಅದರ ಕೊನೆಯಲ್ಲಿ ವಂಶಾವಳಿಯನ್ನು ಶೋಧಿಸಿದವರು ಪ್ರಮಾಣ ಮಾಡಿ ಸಹಿ ಹಾಕಬೇಕು, ಅಂದರೆ ಬಾಯಿ. ಇನ್ನೊಂದು, ಮುಝಮ್ಮಿಲ್‌ನ ಫೋಟೊ ಅಂಟಿಸಿದ ಪರಾರಿ ಫಾರ್ಮು. ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬ್ ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋಗಲಿಕ್ಕೆ ತಯಾರು. ಎರಡರ ಮೇಲೂ ಸಾಹೇಬರ ಸಹಿ ಆಗಿತ್ತು, ಒಂದೇ ಪೆನ್ನಿನಲ್ಲಿ. ಶಾಯಿ ಇನ್ನೂ ಆರಿರಲಿಲ್ಲ.

"ಇದಕ್ಕೆ ನಂಬರು ಹಾಕಿ. ಇದಕ್ಕೆ ಸಹಿ ಹಾಕಿ."

ಬಾಯಿಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಬೆನ್ನ ಹಿಂದೆ ಪರಾರಿ ಕಾಗದ ನೇತಾಡುತ್ತಿದೆ, ಎದುರಿಗೆ ಪರಾರಿ ಕಾಗದ ಬಿದ್ದುಕೊಂಡಿದೆ, ನಡುವೆ ಇವರು ಕೂತು ಕಾಫಿ ಕುಡಿಯುತ್ತಿದ್ದಾರೆ.

"ನಾನು ಸಹಿ ಹಾಕುವುದಿಲ್ಲ ಸರ್."

"ಯಾಕೆ? ಏನಾದರೂ ತಪ್ಪುಂಟಾ?"

"ತಪ್ಪಿಲ್ಲ, ತಾಳೆ ಆಗುವುದಿಲ್ಲ. ಕರಾರು ಮುಗಿಸಿ, ಒಂದು ಸಲ ಚೀಟಿ ಕೇಳಿ, ಸಿಗದೆ ಹೊರಟು ಹೋದವನನ್ನು ನೀವು ಈ ಕಾಗದದಲ್ಲಿ ಧೀರ ಅಂದಿದ್ದೀರಿ. ಕರಾರು ಮುಗಿಸಿ, ಮೂರು ಸಲ ಚೀಟಿ ಕೇಳಿ, ಸಿಗದೆ ಹೊರಟು ಹೋದವನನ್ನು ಆ ಕಾಗದದಲ್ಲಿ ಕಳ್ಳ ಅಂದಿದ್ದೀರಿ. ನಿಮ್ಮ ಅಜ್ಜನಿಗಿಂತ ಇವನು ಎರಡು ಸಲ ಜಾಸ್ತಿಯೇ ಕೇಳಿದ್ದಾನೆ, ನನ್ನ ರಿಜಿಸ್ಟರಿನಲ್ಲಿ ನಂಬರು ಉಂಟು. ಒಂದಕ್ಕೊಂದು ಹೊಂದದ ಎರಡು ಕಾಗದವನ್ನು ಇಪ್ಪತ್ತೇಳು ವರ್ಷದಲ್ಲಿ ನಾನು ಏರಿಸಿದವಳಲ್ಲ. ಯಾವುದು ಸರಿ ಅಂತ ನೀವು ಹೇಳಿ, ಇನ್ನೊಂದನ್ನು ಕ್ಯಾನ್ಸಲ್ ಮಾಡ್ತೇನೆ."

ಸಾಹೇಬರು ಕೆಂಪಾದರು. "ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

"ಅದು ಸ್ವಾತಂತ್ರ್ಯದ ವಿಷಯ. ಇದು ಹಾಜರಿಯ ವಿಷಯ."

ಇದನ್ನು ಹೇಳುವಾಗ ಮನುಷ್ಯನಿಗೆ ನಗು ಕೂಡ ಬರಲಿಲ್ಲ, ನಾಚಿಕೆ ಹಾಗಿರಲಿ. ನಿಮ್ಮ ಸಹಿ ಇಲ್ಲದಿದ್ದರೆ ಬೇರೆಯವರದ್ದು ಅಂತ ಹೆದರಿಸಿ ನೋಡಿದರು. ಹಾಕಿಸಿ, ಅವರು ಆ ಮೂರು ಪೆಟ್ಟಿಗೆಯನ್ನು ಮೊದಲಿನಿಂದ ಓದಿ ಪ್ರಮಾಣ ಮಾಡಬೇಕಾಗುತ್ತದೆ ಅಂದರು ಬಾಯಿ. ಅರ್ಜಿಗೆ ಕೊನೆಯ ದಿನ ಈ ತಿಂಗಳ ಮೂವತ್ತು. ನೀವು ಯಾರೊಡನೆ ಮಾತಾಡುತ್ತಿದ್ದೀರಿ ಅಂತ ನೆನಪಿರಲಿ ಅಂದರು ಸಾಹೇಬರು. ಬಾಯಿಯ ನಾಲಗೆ ಕೈಕೊಡಲಿಲ್ಲ. "ನೆನಪಿದೆ ಸರ್. ಥಾಮಸ್ ಟರ್ನರನ ಮೊಮ್ಮಗನ ಮೊಮ್ಮಗನ ಮೊಮ್ಮಗನೊಡನೆ. ಹುಡುಕಿದವಳು ನಾನೇ."

ಸಾಹೇಬರು ಕುರ್ಚಿಯನ್ನು ತಿರುಗಿಸಿ ಗೋಡೆಯ ಫ್ರೇಮನ್ನು ನೋಡಿದರು. ಕರಗಿದರು ಅಂದುಕೊಂಡಿರಾ? ಇಲ್ಲ, ಹಸಿರು ರಿಬ್ಬನ್ನು ಕಣ್ಣ ಮುಂದೆ ಬಂದಿರಬೇಕು. ಈ ಕಡೆ ತಿರುಗಿ ಮುಝಮ್ಮಿಲ್‌ನ ಫಾರ್ಮನ್ನು ನಾಲ್ಕು ತುಂಡು ಮಾಡಿದರು. ಖಾಲಿ ರಿಲೀಸ್ ಫಾರ್ಮೊಂದನ್ನು ಎಳೆದುಕೊಂಡು ಅಡಿಯಲ್ಲಿ ಸಹಿ ಗೀಚಿ, ಬಾಯಿಯ ಕಡೆಗೆ ತಳ್ಳಿದರು. ತಳ್ಳಿದವರಿಗೆ ಕೂಡಲೇ ಏನೋ ಹೊಳೆಯಿತು, ಮುಖ ಅರಳಿತು.

"ಗರ್ಟ್ರೂಡ್, ಅರ್ಜಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಿ. ಟರ್ನರ್ ಕುಟುಂಬ ಇಂಥವರನ್ನು ಹೇಗೆ ನಡೆಸಿಕೊಳ್ಳುತ್ತದೆ ಅಂತ ಸಂಘದವರಿಗೂ ಗೊತ್ತಾಗಲಿ."

"ಇಂಥವರನ್ನು ನಡೆಸಿಕೊಂಡ ಕುಟುಂಬ ಅಲ್ಲ ಸರ್ ನಿಮ್ಮದು," ಅಂದರು ಬಾಯಿ. "ಇಂಥವರದ್ದೇ ಕುಟುಂಬ."

"ಅದೇ, ಅದೇ!" ಅಂದರು ಸಾಹೇಬರು ಖುಷಿಯಿಂದ. "ಹಾಗೇ ಬರೆಯಿರಿ."

ಮುಖಕ್ಕೆ ಮಂಗಳಾರತಿ ಎತ್ತಿದರೂ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳುವವರಿಗೆ ಏನು ಹೇಳುವುದು? ಬಾಯಿ ಅರ್ಜಿಗೆ ಸಹಿ ಹಾಕಿ, ರಿಲೀಸ್ ಫಾರ್ಮನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದರು. ತನ್ನ ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಕುಡಿದರು. ಬಹಳ ಸಂತೋಷ ಆಗಿತ್ತು, ಕಣ್ಣಲ್ಲಿ ನೀರು ಕೂಡ ಬಂತು. ಪೆನ್ನು ತೆಗೆದು ಫಾರ್ಮು ತುಂಬಿಸಲಿಕ್ಕೆ ಶುರುಮಾಡಿದರು.

ಹೆಸರು: ಮುಝಮ್ಮಿಲ್. ತಂದೆಯ ಹೆಸರು? ಪೆನ್ನು ನಿಂತಿತು. ಊರಿನ ಮನೆಯ ಹೆಸರು? ಗೊತ್ತಿಲ್ಲ.

ಹನ್ನೊಂದು ವರ್ಷ ದಿನಾ ಎರಡು ಹೊತ್ತು ಅವನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ತವರಿನ ಪ್ರಭುಗಳ ಕತೆ ಕೊರೆದವರು ಅವರು. ಮುನ್ನೂರೈವತ್ತು ವರ್ಷದ ಹಿಂದಿನ ಯಾವನೋ ಟರ್ನರನ ಯಾವ ಕಾಲು ಕುಂಟು ಅಂತ ಅವರಿಗೆ ಗೊತ್ತು. ಪಾಯಸ್‌ನ ಅಜ್ಜಿಯ ಮದುವೆಗೆ ಸಾಕ್ಷಿ ಹಾಕಿದವರ ಹೆಸರು ಗೊತ್ತು. ಇವನಿಗೆ ಅಪ್ಪ ಇದ್ದಾನಾ, ಸತ್ತಿದ್ದಾನಾ ಅಂತ ಒಂದು ದಿನ ಕೇಳಿದವರಲ್ಲ. ಕೇಳಬೇಕು ಅಂತ ಅನ್ನಿಸಿದ್ದೇ ಇಲ್ಲ. ಬ್ಯಾರಿ ಡ್ರೈವರನ ವಂಶ ಯಾರಿಗೆ ಬೇಕಿತ್ತು? ಒಳಗೆ ಕೂತಿದ್ದ ಸಾಹೇಬರನ್ನು ಬೈದುಕೊಂಡವರು ಇವರೇ. ಬಾಯಿಗೆ ತನ್ನ ಮೇಲೇ ಅಸಹ್ಯ ಆಯಿತು.

ಫೈಲಿನಲ್ಲಿ ಪಾಸ್‌ಪೋರ್ಟಿನ ಕಾಪಿ ಇತ್ತು, ನೋಡಿ ಬರೆಯಬಹುದಿತ್ತು. ಬರೆಯಲಿಲ್ಲ. ಅವನಿಂದಲೇ ಕೇಳಿ ಬರೆಯಬೇಕು ಅನ್ನಿಸಿತು. ಫೋನು ಮಾಡಿದರು. ಮೊದಲ ರಿಂಗಿಗೇ ಎತ್ತಿದ.

"ಮುಝಮ್ಮಿಲ್, ಆಫೀಸಿನಿಂದ ಮಾತಾಡ್ತಾ ಇದ್ದೇನೆ. ನಿನ್ನ ಅಪ್ಪನ ಹೆಸರೇನು ಮಾರಾಯ? ಊರಿನಲ್ಲಿ ನಿಮ್ಮ ಮನೆಗೆ ಏನಂತ ಹೇಳ್ತಾರೆ?"

ಆ ಕಡೆ ರೂಮಿನಲ್ಲಿ ಯಾರೋ ಟಿವಿಯ ಸ್ವರ ತಗ್ಗಿಸಿದ್ದು ಕೇಳಿಸಿತು.

"ಕೇಸು ಹಾಕಿಯೇ ಬಿಟ್ರಾ ಬಾ­ಯಮ್ಮ?" ಅಂದ ಮುಝಮ್ಮಿಲ್. ಅವನ ಸ್ವರ ಬಿದ್ದುಹೋಗಿತ್ತು. "ಮನೆ ಹೆಸರು ಮಾತ್ರ ಬರೆಯಬೇಡಿ, ನಿಮ್ಮ ದಮ್ಮಯ್ಯ. ಪೊಲೀಸಿನವರು ಮನೆಗೆ ಹೋದರೆ ನಿಶಾ ಹೆದರಿಕೊಳ್ತಾಳೆ. ನಾನೇ ಬರ್ತೇನೆ. ಎಲ್ಲಿಗೆ ಬರಬೇಕು ಹೇಳಿ, ಈಗಲೇ ಬರ್ತೇನೆ."

"ಇಲ್ಲ ಮಗಾ, ಇದು ಕೇಸಲ್ಲ, ರಿಲೀಸು," ಅಂದರು ಗರ್ಟ್ರೂಡ್ ಬಾಯಿ. "ಹೇಳು, ಅಪ್ಪನ ಹೆಸರೇನು?"